ಮಿಕ್ಸರ್‌ಗೆ ಹಚ್ಚಿದ ಕುಂಕುಮ

ಸಿಂಧನೂರಿನ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಶಬ್ದದ ಪಾಠವನ್ನು ಎಷ್ಟು ಸಲ ಮಾಡಿದ್ದೇನೆಂದರೆ, ಈಗ ಪುಸ್ತಕ ಮುಚ್ಚಿಟ್ಟೇ ಮಾಡಬಲ್ಲೆ; ಮಕ್ಕಳೂ ಕಣ್ಣು ಮುಚ್ಚಿಕೊಂಡೇ ಕೇಳಬಲ್ಲರು. ಹಾಗಾಗಿ ಅಕ್ಕನ ಮಗಳ ಮದುವೆಗೆ ಮೈಕ್ ಸೆಟ್ ಯಾರು ನೋಡಿಕೊಳ್ಳುತ್ತಾರೆ ಎಂಬ ಮಾತು ಬಂದಾಗ, ಯಾರೂ ಕೇಳದಿದ್ದರೂ ನಾನೇ ಮುಂದೆ ಬಿದ್ದೆ. ಲಿಂಗಸುಗೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ತಮ್ಮಾ, ನಮ್ಮ ಮನ್ಯಾಗಿನ ಫ್ಯಾನ್ ರಿಪೇರಿ ಮಾಡಿ ಹೋಗಿದ್ದೆಲ್ಲ, ಅದು ಇನ್ನೂ ಉಲ್ಟಾನ ತಿರಗಾಕತ್ತೈತಿ" ಎಂದಳು.

"ಅದು ಬ್ಯಾರೆ, ಇದು ಬ್ಯಾರೆ" ಎಂದೆ.

ನಾನು ಅಷ್ಟು ಹಟ ಹಿಡಿದದ್ದಕ್ಕೆ ಕಾರಣ ಅವ್ವ. ನಮ್ಮೂರು ಮುಕ್ಕುಂದದಲ್ಲಿ ಯಾರ ಮನೆಯ ಮದುವೆಯಾಗಲಿ, ಬಸುರಿಯ ಕುಬಸವಾಗಲಿ, ಸೋಬಾನೆಯ ಮೊದಲ ಸೊಲ್ಲು ಎತ್ತುವವಳು ಅವಳೇ. ಸೋಬಾನೆಯ ರೀತಿಯೇ ಹಾಗೆ. ಒಬ್ಬಳು ಒಂದು ಸೊಲ್ಲು ಎತ್ತುತ್ತಾಳೆ, ಉಳಿದ ಹೆಂಗಸರು ಅದನ್ನು ಹಿಡಿದು ತಿರುಗಿ ಹಾಡುತ್ತಾರೆ. ಹಿಡಿಯುವವರಿಲ್ಲದಿದ್ದರೆ ಹಾಡು ಅಲ್ಲಿಗೇ ನಿಂತಿತು. ಅವ್ವನ ಗಂಟಲಿಗೆ ಒಂದು ಆಪರೇಷನ್ ಆಯಿತು. ದೇವರ ದಯೆಯಿಂದ ಜೀವಕ್ಕೇನೂ ಆಗಲಿಲ್ಲ, ದನಿ ಮಾತ್ರ ತೀರಾ ಸಣ್ಣದಾಗಿ ಉಳಿಯಿತು. ಅದಾದ ಮೇಲೆ ಊರಿನಲ್ಲಿ ಒಂದು ಕುಬಸಕ್ಕೆ ಹೋಗಿ ಎಂದಿನಂತೆ ಸೊಲ್ಲು ಎತ್ತಿದಳಂತೆ. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಪಕ್ಕದಲ್ಲಿ ಯಾರೋ ಬೇರೆ ಹಾಡು ಶುರು ಮಾಡಿದರು, ಎಲ್ಲರೂ ಅದನ್ನೇ ಹಿಡಿದರು. ಅವ್ವ ಸಿಂಧನೂರಿನ ನನ್ನ ಮನೆಗೆ ವಾಪಸು ಬಂದು, ಉಟ್ಟ ಸೀರೆ ಬದಲಿಸಿ ಮಡಿಚಿಟ್ಟು, "ಸೊಲ್ಲು ಕೆಳಗ ಬಿತ್ತಪ್ಪಾ" ಎಂದಳು. ಅವತ್ತಿನಿಂದ ರೊಟ್ಟಿ ಬಡಿಯುವಾಗಲೂ ಅವಳು ಗುನುಗಿದ್ದನ್ನು ನಾನು ಕೇಳಲಿಲ್ಲ. ನನ್ನ ಮನಸ್ಸಿಗೆ ಅದು ಬಹಳ ಹತ್ತಿತು.

"ಮೊಮ್ಮಗಳ ಮದವಿಗೆ ನೀ ಹಾಡಬೇಕು. ಎಲ್ಲಾರಿಗೂ ಕೇಳಂಗ ಮಾಡೋ ಜವಾಬ್ದಾರಿ ನಂದು" ಎಂದೆ.

ಉಲ್ಟಾ ಫ್ಯಾನಿನ ಸುದ್ದಿ ಅವಳಿಗೂ ಗೊತ್ತಿತ್ತು. "ಒಂದಾ ಹಾಡು ಹಾಡ್ತೀನಿ. ಈ ಸರ್ತೀನೂ ಯಾರೂ ಹಿಡೀಲಿಲ್ಲಂದ್ರ ಮುಂದ ನನಗ ಹಾಡಂತ ಯಾರೂ ಅನಬಾರದು, ಈಗ ಹೇಳೀನಿ" ಎಂದಳು.

ಮೈಕ್‌ಗಳ ದನಿ ಹಂಚುವ ಹೊಸ ಮಿಕ್ಸರ್ ಮನೆಗೆ ಬಂತು. ಪೆಟ್ಟಿಗೆ ತೆರೆದೆ. ಸಾಲು ಸಾಲು ಗುಂಡಿಗಳು. ಯಾವುದು ತಿರುಗಿಸುವುದು, ಯಾವುದು ಒತ್ತುವುದು, ಯಾವುದು ಮೇಲೆ ಕೆಳಗೆ ಜಾರಿಸುವುದು ಒಂದೂ ತಿಳಿಯಲಿಲ್ಲ. ಶಬ್ದದ ಪಾಠದಲ್ಲಿ ಬಾವಲಿಯ ವಿಷಯವಿದೆ, ಇದರ ವಿಷಯವಿಲ್ಲ. ಮೊಬೈಲಿನಲ್ಲಿ ವಿಡಿಯೊ ಹಾಕಿಕೊಂಡು ಕೂತೆ. ಕೊನೆಗೆ ಅರ್ಥವಾದದ್ದು ನಮ್ಮ ಕಾಲುವೆಯ ಲೆಕ್ಕದಲ್ಲಿ. ಒಂದು ಮೈಕಿಗೆ ಒಂದು ಪಟ್ಟಿ. ದನಿ ಆ ಪಟ್ಟಿಯ ಮೇಲ್ತುದಿಯಿಂದ ನೀರಿನ ಹಾಗೆ ಕೆಳಗಿಳಿಯುತ್ತದೆ. ಎಲ್ಲಕ್ಕಿಂತ ಮೇಲಿನ ಗೇನ್ ಎಂಬುದು ದೊಡ್ಡ ಗೇಟು, ಮೈಕಿನಿಂದ ಎಷ್ಟು ದನಿ ಒಳಗೆ ಬಿಡಬೇಕೆಂದು ಅಲ್ಲೇ ತೀರ್ಮಾನ. ಅದರ ಕೆಳಗೆ ದನಿಯ ಚೂಪು, ನಡು, ದಪ್ಪ ತಿದ್ದುವ ಗುಂಡಿಗಳು. ಅಲ್ಲಿಂದ ಒಂದು ಸಣ್ಣ ಕವಲು ಒಡೆದು ಹಾಡುವವರ ಕಾಲಬುಡದ ಪುಟ್ಟ ಸ್ಪೀಕರ್‌ಗೆ ಹೋಗುತ್ತದೆ, ಅವರ ದನಿ ಅವರಿಗೇ ಕೇಳಲಿ ಅಂತ. ಉಳಿದದ್ದು ಕೆಳಗೆ ಜಾರುವ ಗುಂಡಿಗೆ, ಅಂದರೆ ಫೇಡರ್‌ಗೆ ಬರುತ್ತದೆ. ಅದರ ಪಕ್ಕದಲ್ಲಿ ಒತ್ತುವ ಪುಟ್ಟ ಗುಂಡಿಗಳು, ಅವೇ ತೂಬುಗಳು. ಯಾವುದನ್ನು ಒತ್ತಿದ್ದೀರೋ ಆ ಕಡೆಯ ಸ್ಪೀಕರ್‌ಗೆ ದನಿ ಹರಿಯುತ್ತದೆ. ಇನ್ನೊಮ್ಮೆ ಒತ್ತಿದರೆ ಬಂದ್. ಹೆಡ್‌ಫೋನಿಗೂ ಅಂಥದೇ ಒಂದು ಗುಂಡಿ.

ಇಷ್ಟು ತಿಳಿದ ಮೇಲೆ ನನ್ನನ್ನು ಹಿಡಿಯುವವರಿಲ್ಲದಾಯಿತು. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವವರಿಗೂ ತೂಬಿನ ಕಥೆ ಹೇಳಿದೆ. ಮನೆಯ ಅಂಗಳದಲ್ಲಿ ಅವ್ವನ ಕೈಗೆ ಮೈಕ್ ಕೊಟ್ಟು ಅಭ್ಯಾಸ ಮಾಡಿಸಲು ಹೋಗಿ, ಗೇನ್ ಜಾಸ್ತಿಯಾಗಿ ಸ್ಪೀಕರ್ ಕಿರ್ರೆಂದು ಕಿರುಚಿದಾಗ ಎದುರು ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಅದನ್ನು ಹಿಡಿಯಲು ಹೋದವರು ನನ್ನ ಬಗ್ಗೆ ಆಡಿದ ಮಾತು ಯಾವ ಮೈಕೂ ಇಲ್ಲದೆ ಸ್ಪಷ್ಟವಾಗಿ ಕೇಳಿತು.

ಮದುವೆ ಮಸ್ಕಿಯ ಕಲ್ಯಾಣ ಮಂಟಪದಲ್ಲಿ. ನನ್ನ ಯೋಜನೆ ಸರಳವಾಗಿತ್ತು. ಒಳಗೆ ಹಾಲ್‌ನ ಸ್ಪೀಕರ್‌ಗಳಲ್ಲಿ ಅವ್ವನ ಹಾಡು, ಭಟ್ಟರ ಮಂತ್ರ. ಹಿಂದಿನ ಬಯಲಿನಲ್ಲಿ ಊಟದ ಶಾಮಿಯಾನ, ಅಲ್ಲಿಯ ಸ್ಪೀಕರ್‌ಗಳಲ್ಲಿ ಪೆನ್‌ಡ್ರೈವಿನ ಶಹನಾಯಿ. ಮೊದಲ ಪಟ್ಟಿ ಅವ್ವನದು. ಅದರಲ್ಲಿ ಹಾಲ್‌ನ ಗುಂಡಿ ಒತ್ತಿದೆ, ಶಾಮಿಯಾನದ ಗುಂಡಿ ಬಿಟ್ಟೆ. ಬೆಳಿಗ್ಗೆ ಬೇಗ ಅವಳನ್ನು ಕರೆದುಕೊಂಡು ಬಂದು ಪರೀಕ್ಷೆಯೂ ಆಯಿತು. ಖಾಲಿ ಹಾಲ್‌ನಲ್ಲಿ ಅವಳ ಸಣ್ಣ ದನಿ ತುಂಬಿಕೊಂಡು ಬಂದಾಗ ಅವಳೇ ಬೆರಗಾಗಿ ಸುತ್ತ ನೋಡಿದಳು. "ಇದು ನಂದ ಏನಪ್ಪಾ?" ಎಂದಳು. "ನಿಂದ ಬೇ, ಈ ಪಟ್ಟಿ ಪೂರ್ತಿ ನಿಂದ" ಎಂದು ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿ ತೋರಿಸಿದೆ. ಆಮೇಲೆ ಹೊಸ ಧೋತರ ಉಡಲು ಹೋದೆ.

ನಾನು ಬರುವಷ್ಟರಲ್ಲಿ ಅವ್ವ ಆರತಿ ತಟ್ಟೆ ಹಿಡಿದು ಮಿಕ್ಸರ್ ಮುಂದೆ ನಿಂತಿದ್ದಳು. ಹೊಸ ಸಾಮಾನು, ಮೊದಲ ಸಲ ಕೆಲಸಕ್ಕೆ ಇಳಿಯುತ್ತಿದೆ, ಪೂಜೆಯಿಲ್ಲದೆ ಹೇಗೆ? ನಮ್ಮ ಕಡೆ ಟ್ರ್ಯಾಕ್ಟರ್ ಬಂದರೂ ಪೂಜೆ, ಫ್ರಿಜ್ ಬಂದರೂ ಪೂಜೆ. ಒಂದು ಕಾಯಿ ಒಡೆದು, ತನ್ನ ಪಟ್ಟಿಯ ಗುಂಡಿ ಗುಂಡಿಗೂ ಭಕ್ತಿಯಿಂದ ಕುಂಕುಮ ಹಚ್ಚಿದ್ದಳು. ಒದ್ದೆ ಮಾಡಿದ ಕುಂಕುಮ, ಒಳ್ಳೆ ದಪ್ಪ ಬೊಟ್ಟು. ನಾನು ಕೈ ಮುಗಿದು ಕುರ್ಚಿಯಲ್ಲಿ ಕೂತೆ, ದೊಡ್ಡ ಹೆಡ್‌ಫೋನ್ ಕಿವಿಗೆ ಹಾಕಿಕೊಂಡೆ. ಅದನ್ನು ಹಾಕಿಕೊಂಡರೆ ಮುಖಕ್ಕೆ ಒಂದು ಕಳೆ ಬರುತ್ತದೆಂದು ಕನ್ನಡಿ ಮುಂದೆ ಮೊದಲೇ ನೋಡಿಕೊಂಡಿದ್ದೆ.

ಅರಿಷಿಣ ಹಚ್ಚುವ ಹೊತ್ತಾಯಿತು. ಮುಕ್ಕುಂದದಿಂದ ಟೆಂಪೊದಲ್ಲಿ ಬರಬೇಕಿದ್ದ ಅವ್ವನ ಗೆಳತಿಯರು ಇನ್ನೂ ಕಾಣಲಿಲ್ಲ. ಸೊಲ್ಲು ಹಿಡಿಯುವವರು ಅವರೇ. ವೇದಿಕೆಯ ಮುಂದೆ ಕೂತಿದ್ದವರು ಗಂಡಿನ ಕಡೆಯ ಹೆಂಗಸರು, ಅವರೂ ಅಕ್ಕನ ಲಿಂಗಸುಗೂರಿನವರೇ. ಅವರಿಗೆ ಈ ಹಾಡು ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಅವಸರವೂ ಇರಲಿಲ್ಲ. "ನಮ್ಮೋರು ಬರಲಿ ತಡೀರಿ" ಎಂದು ಅವ್ವ ಹೇಳಿ ನೋಡಿದಳು. "ಹೊತ್ತು ಮೀರಾಕತ್ತೈತಿ ಯವ್ವಾ, ಎತ್ತಬೇ" ಎಂದು ಅಕ್ಕನೇ ಅವಸರ ಮಾಡಿದಳು. ಅವ್ವ ನನ್ನ ಕಡೆ ನೋಡಿದಳು. ನಾನು ಹೆಬ್ಬೆರಳು ಎತ್ತಿ ತೋರಿಸಿದೆ.

ಅವಳು ಎತ್ತಿದಳು. ಹೆಡ್‌ಫೋನಿನಲ್ಲಿ ಅವಳ ದನಿ ಎಷ್ಟು ಚೆನ್ನಾಗಿ ಬಂತೆಂದರೆ, ಸೊಲ್ಲು ಮುಗಿದ ಮೇಲೆ ಎಳೆದುಕೊಂಡ ಉಸಿರೂ ಕೇಳಿತು. ನನ್ನ ಕಣ್ಣು ತುಂಬಿ ಬಂತು, ಮುಚ್ಚಿಕೊಂಡೆ. ತೆರೆದಾಗ ಅಕ್ಕ ವೇದಿಕೆಯಿಂದ ಎರಡೂ ಕೈ ಬೀಸುತ್ತಿದ್ದಳು. ಇನ್ನೂ ಜೋರು ಮಾಡು ಅನ್ನುತ್ತಿದ್ದಾಳೆಂದು ಫೇಡರ್ ಏರಿಸಿದೆ. ಅವಳು ಇನ್ನೂ ಜೋರಾಗಿ ಬೀಸಿದಳು. ನಾನು ಇನ್ನೂ ಏರಿಸಿ, ಮೆಚ್ಚುಗೆ ಒಪ್ಪಿಕೊಂಡವನ ಹಾಗೆ ತಲೆ ಬಾಗಿಸಿದೆ. ಅವ್ವ ಮಾತ್ರ ಹಾಡು ನಿಲ್ಲಿಸಿ ಎದುರಿನವರ ಬಾಯನ್ನೇ ನೋಡುತ್ತಿದ್ದಳು. ಯಾರೂ ಹಿಡಿಯಲಿಲ್ಲ. ಅವಳ ಮುಖ ಇಳಿಯಿತು. ಕುಬಸದಿಂದ ವಾಪಸು ಬಂದ ದಿನ ನೋಡಿದ್ದೆನಲ್ಲ, ಅದೇ ಮುಖ.

ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ದೂರದಿಂದೆಂಬಂತೆ ಹತ್ತಾರು ಹೆಂಗಸರ ದನಿ ಎದ್ದಿತು. ಅವ್ವನ ಸೊಲ್ಲನ್ನೇ ಹಿಡಿದು ತಿರುಗಿ ಹಾಡುತ್ತಿದ್ದರು. ಹಾಲ್‌ನಲ್ಲಿ ಒಬ್ಬರ ತುಟಿಯೂ ಅಲ್ಲಾಡುತ್ತಿರಲಿಲ್ಲ; ಎಲ್ಲರೂ ಹಿಂದಿನ ಬಾಗಿಲ ಕಡೆ ಕತ್ತು ತಿರುಗಿಸಿದ್ದರು. ಅವ್ವ ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಅವಳಿಗೆ ಆ ದನಿಗಳ ಗುರುತು ಹತ್ತಿತು. ನೆಟ್ಟಗೆ ಕೂತು ಎರಡನೆಯ ಸೊಲ್ಲು ಎತ್ತಿದಳು.

ಅಕ್ಕ ಬಂದು ನನ್ನ ಹೆಡ್‌ಫೋನ್ ಕಿತ್ತಳು. "ಲೇ, ಅವ್ವನ ಬಾಯಿ ಅಷ್ಟ ಆಡಾಕತ್ತೈತಿ, ದನಿ ಎಲ್ಲೈತೋ? ಮುಕ್ಕುಂದದೋರು ನಾಷ್ಟಾಕ್ಕ ಕುಂತೋರು ಅಲ್ಲಿಂದಾನ ಹಾಡಾಕತ್ಯಾರ!"

ಹೆಡ್‌ಫೋನ್ ತೆಗೆದಾಗ ಗೊತ್ತಾಯಿತು, ಹಾಲ್‌ನಲ್ಲಿ ಅವ್ವನ ದನಿ ಇರಲೇ ಇಲ್ಲ. ತಡವಾಗಿ ಬಂದ ಟೆಂಪೊದವರನ್ನು ಯಾರೋ ಸೀದಾ ಶಾಮಿಯಾನಕ್ಕೆ ಕಳಿಸಿದ್ದರು. ನಾನು ಬೆರಳಿನಿಂದ ಕುಂಕುಮ ಒರೆಸಿ ನೋಡಿದೆ. ಹಾಲ್‌ನ ಗುಂಡಿ ಮೇಲಕ್ಕೆದ್ದಿತ್ತು, ಶಾಮಿಯಾನದ ಗುಂಡಿ ಒಳಗೆ ಕೂತಿತ್ತು, ಹೆಡ್‌ಫೋನಿನ ಗುಂಡಿಯೂ ಒಳಗೆ. ಬೊಟ್ಟು ಇಡುವಾಗ ಅವ್ವನ ಬೆರಳು ಒಂದೊಂದನ್ನೂ ಒತ್ತಿತ್ತು. ತೆರೆದದ್ದು ಮುಚ್ಚಿತ್ತು, ಮುಚ್ಚಿದ್ದು ತೆರೆದಿತ್ತು. ಹೆಡ್‌ಫೋನಿಗೆ ದನಿ ತೂಬಿಗಿಂತ ಮೊದಲೇ ಬರುವುದರಿಂದ ನನಗೊಬ್ಬನಿಗೆ ಎಲ್ಲ ಸೊಗಸಾಗಿ ಕೇಳುತ್ತಿತ್ತು. ಒಳಗೆ ಕೂತ ಅಷ್ಟೂ ಜನರಲ್ಲಿ ಅವ್ವನ ಹಾಡು ಕೇಳಿ ಕಣ್ಣೀರು ಹಾಕಿದವನು ನಾನೊಬ್ಬನೇ.

ಹಾಲ್‌ನ ಗುಂಡಿಯ ಮೇಲೆ ಬೆರಳಿಟ್ಟೆ, ಒತ್ತಲಿಲ್ಲ. ಅಕ್ಕ ಕೈ ಬೀಸಿದಾಗಲೆಲ್ಲ ಏರಿಸಿ ಏರಿಸಿ ಫೇಡರ್ ನೆತ್ತಿಗೆ ಹೋಗಿ ಕೂತಿತ್ತು. ಈಗ ಒತ್ತಿದರೆ ಮೈಕಿನ ಹತ್ತಿರವೇ ಇರುವ ಹಾಲ್‌ನ ಸ್ಪೀಕರ್‌ಗಳು ಕಿರುಚಿಕೊಳ್ಳುವುದು ಖಂಡಿತ. ಎಮ್ಮೆ ಕಲಿಸಿದ ಪಾಠ ನೆನಪಿತ್ತು. ಫೇಡರ್ ಇಳಿಸಿದರೆ ಅತ್ತ ಶಾಮಿಯಾನದಲ್ಲಿ ಅವ್ವನ ಸೊಲ್ಲು ನಡುವೆಯೇ ಕಡಿಯುತ್ತದೆ, ಮತ್ತೆ ಕೆಳಗೆ ಬೀಳುತ್ತದೆ. "ಏನರ ಮಾಡೋ" ಎಂದು ಅಕ್ಕ ಭುಜ ಅಲುಗಿಸುತ್ತಿದ್ದಳು.

ಆಗ ಹೊಳೆಯಿತು. ಅವ್ವ ಎತ್ತುತ್ತಾಳೆ, ಸುಮ್ಮನಾಗುತ್ತಾಳೆ, ಅವರು ಹಿಡಿಯುತ್ತಾರೆ. ಅವರು ಹಾಡುವಷ್ಟು ಹೊತ್ತು ಈ ಪಟ್ಟಿಯಲ್ಲಿ ಅವಳ ದನಿ ಇರುವುದೇ ಇಲ್ಲ. ಎರಡನೆಯ ಸೊಲ್ಲು ಮುಗಿಯುವವರೆಗೆ ಇನ್ನೊಂದು ಕೈ ಫೇಡರ್ ಮೇಲಿಟ್ಟು ಕಾದೆ. ಶಾಮಿಯಾನದಿಂದ ದನಿ ಎದ್ದದ್ದೇ ಫೇಡರ್ ಕೆಳಗೆ ಎಳೆದೆ, ಹಾಲ್‌ನ ಗುಂಡಿ ಒತ್ತಿದೆ. ಶಾಮಿಯಾನದ ಗುಂಡಿಯನ್ನು ಅವ್ವ ಇಟ್ಟ ಹಾಗೆಯೇ ಬಿಟ್ಟೆ. ಮೆಲ್ಲಗೆ ಫೇಡರ್ ಮೇಲೆ ತಂದೆ.

ಮೂರನೆಯ ಸೊಲ್ಲು ಹಾಲ್‌ನಲ್ಲೂ ಎದ್ದಿತು, ಬಯಲಿನಲ್ಲೂ ಎದ್ದಿತು. ಲಿಂಗಸುಗೂರಿನ ಹೆಂಗಸರು ಮಾತು ನಿಲ್ಲಿಸಿದರು. ಮುಕ್ಕುಂದದವರು ಕೈ ತೊಳೆದುಕೊಂಡು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ, ಹಾಡುತ್ತಲೇ ಹಿಂದಿನ ಬಾಗಿಲಿನಿಂದ ಒಳಗೆ ಬಂದರು. ಒಬ್ಬಳ ಬಾಯಲ್ಲಿ ಉಪ್ಪಿಟ್ಟು ಇನ್ನೂ ಇತ್ತು. ಅವ್ವ ಒಂದೇ ಹಾಡು ಎಂದಿದ್ದವಳು, ಅರಿಷಿಣ ಹಚ್ಚಿ ಮುಗಿದರೂ ನಿಲ್ಲಿಸಲಿಲ್ಲ. ಕೊನೆಗೆ ಭಟ್ಟರೇ ಬಂದು ಕೈ ಮುಗಿದು ಮೈಕ್ ಕೇಳಿಕೊಳ್ಳಬೇಕಾಯಿತು. ನನಗೆ ಅವತ್ತಾದಷ್ಟು ಖುಷಿ ನೌಕರಿಯ ಆರ್ಡರ್ ಕೈಗೆ ಬಂದ ದಿನವೂ ಆಗಿರಲಿಲ್ಲ.

ಸಿಂಧನೂರಿಗೆ ವಾಪಸು ಬರುವಾಗ ಗಾಡಿಯಲ್ಲಿ ಅವ್ವ ಕೇಳಿದಳು, "ಅವರು ಅಲ್ಲಿ ನಾಷ್ಟಾಕ್ಕ ಕುಂತಾರಂತ ನಿನಗ ಹೆಂಗ ಗೊತ್ತಾತಪ್ಪಾ? ಅಲ್ಲಿಗಿ ದನಿ ಬಿಟ್ಟೆಲ್ಲ."

"ನನಗ ಗೊತ್ತಿರಲಿಲ್ಲ ಬೇ. ಕುಂಕುಮ ಹಚ್ಚೂ ಮುಂದ ಆ ಗುಂಡಿ ಒತ್ತಿದಾಕಿ ನೀನ" ಎಂದು ನಿಜ ಹೇಳಿದೆ.

"ನನ್ನ ಬೆರಳಿಗಿ ಅಷ್ಟು ಬುದ್ಧಿ ಎಲ್ಲೈತಿ, ಸುಮ್ನಿರು" ಎಂದು ನಕ್ಕಳು. ಮಗ ಬಹಳ ಶ್ಯಾಣ್ಯಾ ಎಂದು ಊರಿಗೆಲ್ಲ ಹೇಳಿದಳು. ನಾನು ಹೋದಲ್ಲೆಲ್ಲ ನಿಜ ಹೇಳಿದೆ. ಜನ ಅದನ್ನು ನನ್ನ ವಿನಯವೆಂದು ತಿಳಿದರು. ಹೀಗೆ ಮಾಡದ ಕೆಲಸಕ್ಕೆ ಹೆಸರು ಬಂದು, ಬಳಗಾನೂರಿನಲ್ಲಿ ಒಂದು ಮದುವೆಗೆ ನಮ್ಮಿಬ್ಬರನ್ನೂ ಕರೆದರು.

ಅಲ್ಲೂ ಅವ್ವ ಕುಂಕುಮದ ಬಟ್ಟಲು ಹಿಡಿದು ಮಿಕ್ಸರ್ ಹತ್ತಿರ ಬಂದಳು. ನನ್ನ ಮುಖ ನೋಡಿ, "ಹಚ್ಚಲೇನು, ಬ್ಯಾಡೋ?" ಎಂದಳು.

"ಹಚ್ಚು ಬೇ" ಎಂದೆ.

ಅವಳು ಹೋದ ಮೇಲೆ ಗುಂಡಿಗಳನ್ನೆಲ್ಲ ಮತ್ತೆ ನೋಡಿ ಸರಿಮಾಡಿದೆ. ಹೆಡ್‌ಫೋನ್ ಚೀಲದೊಳಗೇ ಬಿಟ್ಟು, ಎದ್ದು ಹೋಗಿ ಕೊನೆಯ ಸಾಲಿನ ಹೆಂಗಸರ ಹಿಂದೆ ನಿಂತೆ. ಅವ್ವ ಸೊಲ್ಲು ಎತ್ತಿದಳು. ಅದು ನಾನು ನಿಂತಲ್ಲಿಗೆ ಬಂತು. ಸೋಬಾನೆಯನ್ನು ಗಂಡಸರು ಹಾಡುವ ರೂಢಿಯಿಲ್ಲ, ನನ್ನ ಕಂಠದ ಗಂಡಸಂತೂ ಹಾಡಲೇಬಾರದು. ಮುಂದಿನ ಸಾಲಿನವರು ತಿರುಗಿ ನೋಡಿ ಸೆರಗು ಬಾಯಿಗೆ ಹಚ್ಚಿ ನಕ್ಕರೂ ನಾನು ಬಿಡಲಿಲ್ಲ, ಎಲ್ಲರ ಜೊತೆ ಅವ್ವನ ಸೊಲ್ಲು ಹಿಡಿದೆ.