ಮೊಳ ಹಾಕಿ ಕಲಿತ ಮಾರ್ಕೆಟಿಂಗ್

ನಾನು ಓದಿದ್ದು ಮೂರನೇ ಕ್ಲಾಸು. ಇಂಗ್ಲಿಷಿನಲ್ಲಿ ನನಗೆ ಗುರುತು ಸಿಗುವುದು ಸಿಟಿ ಬಸ್ಸಿನ ನಂಬರಿನ ಪಕ್ಕ ಇರುತ್ತಿದ್ದ ಎ, ಬಿ, ಸಿ ಅಷ್ಟೇ. ಆದರೂ 2009ರಲ್ಲಿ ನನ್ನ ಮಗಳಿಂದ ಇಂಗ್ಲಿಷಿನ ಮಾರ್ಕೆಟಿಂಗ್ ಪದಗಳನ್ನೆಲ್ಲ ಒಪ್ಪಿಸಿಕೊಂಡವಳು ನಾನೇ.

ಆಗ ನಾನು ಸ್ಯಾನ್ ಡಿಯಾಗೋದಲ್ಲಿ, ಫೋರ್ ಎಸ್ ರ್ಯಾಂಚ್‌ನ ಅವಳ ಮನೆಯಲ್ಲಿದ್ದೆ. ಅವಳು ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ ಹನ್ನೊಂದು ವರ್ಷ ದುಡಿದಿದ್ದಳು. ಆ ವರ್ಷ ಅವಳ ವಿಭಾಗವನ್ನೇ ಮುಚ್ಚಿದರು. ಲಾಸ್ ಏಂಜಲಿಸ್ ಪಕ್ಕದ ಟೊರೆನ್ಸ್‌ನಲ್ಲಿ ಆಸ್ಪತ್ರೆಗೆ ಬೇಕಾದ ಸಣ್ಣಪುಟ್ಟ ಸಾಮಾನು ಮಾಡುವ ಕಂಪನಿಯವರು ಮಾರ್ಕೆಟಿಂಗ್ ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿದರು, ಆದರೆ ಮೊದಲು ಒಂದು ಕೋರ್ಸ್ ಪಾಸು ಮಾಡಬೇಕು ಎಂದರು. ಶನಿವಾರ ಶನಿವಾರ ಲಾಸ್ ಏಂಜಲಿಸ್‌ಗೆ ಡ್ರೈವ್ ಮಾಡಿಕೊಂಡು ಕ್ಲಾಸಿಗೆ ಹೋಗುತ್ತಿದ್ದಳು. ಫೇಲಾದರೆ ಕೆಲಸವಿಲ್ಲ.

ಆ ಕೋರ್ಸಿನಲ್ಲಿ ಪದಗಳದ್ದೇ ಒಂದು ರಾಶಿ. ಅವನ್ನೆಲ್ಲ ಬಣ್ಣದ ಕಾರ್ಡುಗಳ ಮೇಲೆ ಬರೆದುಕೊಂಡಿದ್ದಳು. ನಾನು ಹುರುಳಿಕಾಯಿಯ ನಾರು ತೆಗೆಯುತ್ತಾ ಒಂದೊಂದೇ ಕಾರ್ಡು ಎತ್ತಿ ಹಿಡಿಯಬೇಕು, ಅವಳು ಕನ್ನಡದಲ್ಲಿ ಅರ್ಥ ಹೇಳಬೇಕು. ನನಗೆ ತಿಳಿದರೆ ಅವಳಿಗೆ ಬಂದ ಹಾಗೆ.

"ಟಾರ್ಗೆಟ್ ಆಡಿಯನ್ಸ್ ಅಂದ್ರೆ, ನಮ್ ಸಾಮಾನು ಯಾರಿಗೆ ಬೇಕೋ ಅವ್ರು," ಎಂದಳು ಹಸಿರು ಕಾರ್ಡಿಗೆ.

"ಬೇಡದವ್ರ ಹತ್ರ ಯಾರ್ ಮಾರೋಕ್ ಹೋಗ್ತಾರೆ? ಇದಕ್ಕೂ ಒಂದ್ ಹೆಸರು ಬೇಕಾ?"

"ಹೆಸರು ಗೊತ್ತಿದ್ರೇನೇ ಕೆಲ್ಸ ಅಮ್ಮ. ಮುಂದಿಂದು ತೋರ್ಸು."

ಮುಂದಿನದು ಯುನೀಕ್ ಸೆಲ್ಲಿಂಗ್ ಪಾಯಿಂಟ್. ಬೇರೆಯವರ ಹತ್ತಿರ ಇಲ್ಲದ್ದು, ನಮ್ಮ ಹತ್ತಿರ ಮಾತ್ರ ಇರುವುದು ಎಂದು ವಿವರಿಸಿದಳು. ನನಗೆ ಅತ್ತೆ ನೆನಪಾದರು. ಮೈಸೂರಿನ ಮಾರ್ಕೆಟ್ಟಿನಲ್ಲಿ ಅವರೂ ನಾನೂ ಅಕ್ಕಪಕ್ಕ ಕೂತು ಹೂವು ಮಾರಿದವರು. ಹೂವಿನ ಅಳತೆ ಮೊಳದಲ್ಲಿ, ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ. ಯಾರು ಮಾರುತ್ತಾರೋ ಅವರ ಕೈಯೇ ಅಳತೆಗೋಲು.

"ನಿಮ್ಮಜ್ಜಿ ಕೈ ಉದ್ದ. ಗಿರಾಕಿಗಳು ನನ್ನ ದಾಟ್ಕೊಂಡು ಅವ್ರ ಹತ್ರ ಹೋಗೋರು. ಇದು ಅದೇನಾ?"

"ಅದೇ. ನಿಂಗೇನಿತ್ತು?"

"ಬಾಯಿ."

ಬರೀ ಬಾಯಿಯಲ್ಲ. ನನ್ನ ಕೈ ಗಿಡ್ಡ, ಅದಕ್ಕೇ ಮೊಳದ ಮೇಲೆ ನಾಲ್ಕು ಬೆರಳು ಕೊಸರು ಬಿಟ್ಟು ಕತ್ತರಿಸುತ್ತಿದ್ದೆ. ಕೊಸರು ಕೊಟ್ಟವಳನ್ನು ಗಿರಾಕಿ ಮರೆಯುವುದಿಲ್ಲ. ಅದನ್ನು ಹೇಳಿದಾಗ ಮಗಳು ಇನ್ನೊಂದು ಕಾರ್ಡಿನ ಹಿಂದೆ ಬರೆದುಕೊಂಡಳು. ಅದಕ್ಕೂ ಇಂಗ್ಲಿಷಿನಲ್ಲಿ ಒಂದು ಹೆಸರಿತ್ತು, ಕಸ್ಟಮರ್ ಲಾಯಲ್ಟಿ.

ಕೋರ್ಸಿನ ಕೊನೆಯ ಪರೀಕ್ಷೆ ಪೇಪರಿನಲ್ಲಿ ಬರೆಯುವುದಲ್ಲ. ಯಾವುದಾದರೂ ಸಾಮಾನನ್ನು ನಿಜವಾಗಿ ಜನರಿಗೆ ಮಾರಬೇಕು, ಕಾರ್ಡಿನಲ್ಲಿರುವ ಉಪಾಯಗಳನ್ನು ಬಳಸಬೇಕು, ಆಮೇಲೆ ಕ್ಲಾಸಿನ ಮುಂದೆ ನಿಂತು ಹೇಳಬೇಕು. ನಮ್ಮ ಕನ್ನಡದವರು ಒಂದು ಶಾಲೆಯ ಹಾಲಿನಲ್ಲಿ ಗಣೇಶನ ಹಬ್ಬ ಮಾಡುವವರಿದ್ದರು. ಅಲ್ಲಿ ಹೂವು ಮಾರೋಣ ಎಂದಳು. ಹಿತ್ತಲಿನ ಕುಂಡಗಳಲ್ಲಿ ಮಲ್ಲಿಗೆ ಬಿಟ್ಟಿತ್ತು. ಸಾಲದ್ದಕ್ಕೆ ಲಾಸ್ ಏಂಜಲಿಸ್‌ನ ಹೂವಿನ ಮಾರ್ಕೆಟ್ಟಿನಿಂದ ಸೇವಂತಿಗೆ ತಂದಳು. ಬಾಳೆನಾರು ಎಲ್ಲಿಂದ ತರುವುದು, ಹತ್ತಿಯ ದಾರದಲ್ಲೇ ಕಟ್ಟಿದೆ. ಎರಡು ಬುಟ್ಟಿ ತುಂಬಿತು.

ಟೇಬಲನ್ನು ಬಾಗಿಲ ಪಕ್ಕದಲ್ಲೇ ಹಾಕಿಸಿದಳು, ಎಲ್ಲರ ಕಣ್ಣಿಗೆ ಬೀಳಲಿ ಎಂದು. ಅವಳಿಗೆ ಎಲ್ಲಕ್ಕಿಂತ ಇಷ್ಟವಾದ ಕಾರ್ಡು ಫ್ರೀ ಸ್ಯಾಂಪಲ್. ಬಂದವರಿಗೆ ನಾಲ್ಕು ಬೆರಳು ಹೂವು ಪುಕ್ಕಟೆ, ಅದರ ಪರಿಮಳಕ್ಕೆ ಸೋತು ಮೊಳ ಕೊಳ್ಳುತ್ತಾರೆ. ಸರಿ ಎಂದು ನಾನೇ ತುಂಡು ಮಾಡಿ ತಟ್ಟೆಯಲ್ಲಿ ಜೋಡಿಸಿದೆ. ಹೆಂಗಸರಿಗೆ ಬರೀ ಹೂವು ಕೊಡುವುದು ಹೇಗೆ ಎಂದು ಪಕ್ಕದಲ್ಲಿ ಅರಿಶಿನ ಕುಂಕುಮದ ಬಟ್ಟಲನ್ನೂ ಇಟ್ಟೆ. ಇಟ್ಟವಳು ನಾನೇ, ಸುಳ್ಳೇಕೆ.

ಜನ ಬಂದರು. ಕುಂಕುಮ ಇಟ್ಟುಕೊಂಡರು, ಹೂವು ಮುಡಿದರು, ಒಳಗೆ ಹೋದರು. ಒಬ್ಬಳು ಕಾರಿನಲ್ಲಿದ್ದ ಅತ್ತೆಗೆ, ನಾದಿನಿಗೆ ಎಂದು ಇನ್ನೆರಡು ತುಂಡು ಎತ್ತಿಕೊಂಡಳು. ರೇಷ್ಮೆ ಸೀರೆಯ ಒಬ್ಬಾಕೆ ಮಾತ್ರ ನಿಂತು ಟೇಬಲ್ಲನ್ನೆಲ್ಲ ನೋಡಿದಳು. ಕೊಳ್ಳುತ್ತಾಳೆ ಎಂದುಕೊಂಡೆ.

"ಪನ್ನೀರ್ ದಾನಿ ಎಲ್ಲಿ ಆಂಟಿ? ಹೋದ್ ವರ್ಷ ಬಾಗ್ಲಲ್ಲಿ ಪನ್ನೀರು ಹಾಕಿದ್ರಲ್ಲ."

ಆಗ ಗೊತ್ತಾಯಿತು. ನಮ್ಮನ್ನು ಬಾಗಿಲಲ್ಲಿ ಸ್ವಾಗತ ಮಾಡಲು ನಿಲ್ಲಿಸಿದವರು ಎಂದು ಎಲ್ಲರೂ ತಿಳಿದಿದ್ದರು. ಹೂವು, ಕುಂಕುಮ, ಬಾಗಿಲು, ನಗುಮುಖದ ಇಬ್ಬರು ಹೆಂಗಸರು. ಇನ್ನೇನು ತಿಳಿಯಬೇಕು ಅವರಾದರೂ?

ತಟ್ಟೆ ಖಾಲಿ, ಬುಟ್ಟಿ ಎರಡೂ ಹಾಗೇ. ಮಗಳು ಕುರ್ಚಿಯಲ್ಲಿ ಕುಸಿದಳು.

"ಒಂದ್ ಮೊಳಾನೂ ಹೋಗ್ಲಿಲ್ಲ ಅಮ್ಮ. ಕ್ಲಾಸಲ್ಲಿ ಏನಂತ ಹೇಳ್ಲಿ? ಟೊರೆನ್ಸ್ ಮುಗೀತು."

"ಅಳೋದಾದ್ರೆ ಆಮೇಲೆ ಅಳು. ಆ ಹಸಿರು ಕಾರ್ಡಲ್ಲಿ ಏನಿತ್ತು?"

"ಟಾರ್ಗೆಟ್ ಆಡಿಯನ್ಸ್."

"ಇವ್ರ ತಲೇಲೆಲ್ಲ ಹೂವಿದೆ, ನಾವೇ ಇಟ್ಟಿದ್ದು. ಇನ್ನೂ ಹೂವಿಲ್ದೇ ಇರೋ ತಲೆ ಎಲ್ಲಿವೆ, ಅದ್ ಹೇಳು."

ಅವಳು ಹೇಳುವ ಮೊದಲೇ ಉತ್ತರ ಓಡಿಬಂತು. ಒಂಬತ್ತು ವರ್ಷದ ಮೊಮ್ಮಗಳಿಗೆ ಅವತ್ತು ಡ್ಯಾನ್ಸ್ ಇತ್ತು. ಜಡೆಗೆ ಡ್ಯಾನ್ಸಿನವರು ಪ್ಲಾಸ್ಟಿಕ್ ಮಲ್ಲಿಗೆ ಸುತ್ತಿದ್ದರು. "ಅಜ್ಜಿ, ಇಟ್ಸ್ ಸೋ ಇಚಿ," ಎಂದು ಕತ್ತು ಕೆರೆದುಕೊಂಡಳು. ಅದನ್ನು ಕಿತ್ತು ಟೇಬಲ್ ಕೆಳಗೆ ಎಸೆದೆ. ನಿಜವಾದ ಹೂವು ಎರಡು ಮೊಳ ಸುತ್ತಿ, "ಒಳಗೆ ಹೋಗಿ ಎಲ್ರಿಗೂ ಬೆನ್ ತೋರ್ಸು," ಎಂದೆ.

ವೇದಿಕೆಯ ಹಿಂದೆ ಇಪ್ಪತ್ತು ಹುಡುಗಿಯರು, ಇಪ್ಪತ್ತು ಜಡೆ, ಎಲ್ಲಕ್ಕೂ ಪ್ಲಾಸ್ಟಿಕ್ಕು. ಸ್ವಲ್ಪ ಹೊತ್ತಿಗೆ ಒಬ್ಬ ತಾಯಿ ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡೇ ಬಂದಳು.

"ಆಂಟಿ, ಇನ್ನೊಂದ್ ಪೀಸ್ ಕೊಡ್ತೀರಾ, ಮಗಳಿಗೆ?"

"ಇದು ಮಾರೋಕಿಟ್ಟಿರೋದು. ಮೊಳದ ಲೆಕ್ಕ. ಬಾಗ್ಲಲ್ಲಿ ಕೊಟ್ಟಿದ್ದು ಮುಗೀತು."

"ಮಾರೋಕಾ? ಮೊದ್ಲೇ ಹೇಳ್ಬಾರ್ದಾ ಆಂಟಿ, ಇಷ್ಟೊತ್ತು ಆ ದರಿದ್ರ ಪ್ಲಾಸ್ಟಿಕ್ ಜೊತೆ ಗುದ್ದಾಡ್ತಿದ್ದೆ."

ಅಳೆಯಲು ಮಗಳನ್ನು ಮುಂದೆ ತಳ್ಳಿದೆ. ಅವಳಿಗೆ ಬಂದಿರುವುದು ಅಜ್ಜಿಯ ಕೈ. ಬೋಣಿಯ ನೋಟನ್ನು ಕಣ್ಣಿಗೊತ್ತಿಕೊ ಎಂದೆ. "ಅಮ್ಮ, ಎಲ್ರೂ ನೋಡ್ತಿದಾರೆ," ಎಂದು ಗೊಣಗುತ್ತಲೇ ಒತ್ತಿಕೊಂಡಳು. ಅವಳು ಉದ್ದ ಕೈಯಲ್ಲಿ ಮೊಳ ಹಾಕುತ್ತಿದ್ದಳು, ನಾನು ಮೇಲೆ ಕೊಸರು ಬಿಟ್ಟು ಕತ್ತರಿಸುತ್ತಿದ್ದೆ. ಡ್ಯಾನ್ಸ್ ಶುರುವಾಗುವ ಹೊತ್ತಿಗೆ ಬುಟ್ಟಿಯಲ್ಲಿ ಉಳಿದದ್ದು ದಾರದ ಉಂಡೆ.

ಕ್ಲಾಸಿನಲ್ಲಿ ಹೇಳಬೇಕಾದ್ದನ್ನು ಬರೆದುಕೊಳ್ಳುವಾಗ ಬಾಗಿಲ ವಿಷಯವನ್ನು ಬಿಟ್ಟುಬಿಡುತ್ತೇನೆ ಎಂದಳು. ನಾನು ಬಿಡಲಿಲ್ಲ. "ಯಾಕ್ ಹೋಗ್ಲಿಲ್ಲ ಅನ್ನೋದ್ ಗೊತ್ತಿಲ್ದೆ, ಯಾಕ್ ಹೋಯ್ತು ಅಂತ ಹೇಗ್ ಹೇಳ್ತೀಯ? ಬರಿ," ಎಂದೆ.

ಬರೆದಳು. ಕ್ಲಾಸಿಗೆ ಅದೇ ತಟ್ಟೆ, ಬಟ್ಟಲು ತೆಗೆದುಕೊಂಡು ಹೋದಳು. ಮೊದಲು ಪಾಠದ ಮೇಡಮ್ಮಿಗೆ ಕುಂಕುಮ ಇಟ್ಟು ಕೈಗೆ ಹೂವು ಕೊಟ್ಟಳಂತೆ. ಆಕೆ ಅಮೆರಿಕದವಳು, ನಮ್ಮ ಪದ್ಧತಿ ಏನೂ ಗೊತ್ತಿಲ್ಲ. ಹೂವು ಮೂಸಿ, ಥ್ಯಾಂಕ್ಸ್ ಹೇಳಿ, ಹೋಗಿ ಕೂತಳಂತೆ.

"ನೋಡಿ, ನೀವೂ ಬೆಲೆ ಕೇಳಲಿಲ್ಲ," ಎಂದಳಂತೆ ನನ್ನ ಮಗಳು.

ಕ್ಲಾಸೆಲ್ಲ ನಕ್ಕಿತಂತೆ, ಎಲ್ಲರಿಗಿಂತ ಹೆಚ್ಚು ಆ ಮೇಡಮ್ಮು. ಪಾಸಾಯಿತು.

ಟೊರೆನ್ಸ್‌ನಲ್ಲಿ ಕೆಲಸಕ್ಕೆ ಸೇರಿದ ವಾರವೇ ಆಫೀಸಿನಿಂದ ಫೋನ್ ಮಾಡಿದಳು. "ಅಮ್ಮ, ಇವತ್ತು ಮೀಟಿಂಗಲ್ಲಿ ಎಲ್ರೂ ಫ್ರೀ ಸ್ಯಾಂಪಲ್ ಕೊಡೋಣ ಅಂದ್ರು."

"ನೀನೇನಂದೆ?"

"ಎಲ್ಲಿ ನಿಂತ್ಕೊಂಡು ಕೊಡ್ತೀರಿ, ಬಾಗ್ಲಲ್ಲಾ ಅಂತ ಕೇಳ್ದೆ."