ತುಂಡಾಗದ ಹಗ್ಗ

ಕಾಪುವಿನ ಬಂಡೆಯ ಮೇಲೆ ದೂಮಣ್ಣನ ಹಗ್ಗ ತುಂಡಾಯಿತು ಎಂದು ಅಲೆವೂರಿನಿಂದ ಕಾಪುವಿನವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ದುಬಾಯಿಯ ನೈಲಾನ್ ಹಗ್ಗ, ಹೊಳಪು ಮಾತ್ರ, ಒಳಗೆ ಏನೂ ಇಲ್ಲ. ಒಂದು ಅಲೆಗೆ ಫಟ್ಟನೆ ಕಡಿಯಿತು. ದೂಮಣ್ಣನ ಆಯುಷ್ಯ ಗಟ್ಟಿಯಿತ್ತು, ಬದುಕಿದರು. ಹೀಗೆ ಹೇಳುವವರಲ್ಲಿ ಒಬ್ಬರೂ ಆ ದಿನ ಬಂಡೆಯ ಮೇಲಿರಲಿಲ್ಲ ಎಂಬುದು ನನ್ನ ಮೊದಲನೆಯ ಆಕ್ಷೇಪ. ತುಂಡಾದ ತುದಿಯನ್ನು ಒಬ್ಬರೂ ಕಣ್ಣಿನಿಂದ ಕಂಡಿಲ್ಲ ಎಂಬುದು ಎರಡನೆಯದು. ಮೂರನೆಯದೂ ಒಂದಿದೆ. ಅದನ್ನು ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ; ಇಲ್ಲಿ ಹೇಳಬೇಕೆಂದೇ ಕೂತಿದ್ದೇನೆ, ಆದರೆ ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಸಹಿಸಿಕೊಳ್ಳಬೇಕು.

ಮೊನ್ನೆ ಶನಿವಾರ ನಾನು ಓದಿದ ಕಾಲೇಜಿನವರು ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಕರೆದಿದ್ದರು. ಉಡುಪಿಯ ವಕೀಲರೊಬ್ಬರ ಕೈಕೆಳಗೆ ಫೈಲು ಹೊರುವ ನನಗೆ ತೀರ್ಪು ಕೊಡುವ ಅವಕಾಶ ಬೇರೆಲ್ಲಿ ಸಿಗಬೇಕು? ಹುರುಪಿನಲ್ಲಿ ಟ್ರಂಕಿನ ಅಡಿಯಿಂದ ಹಳೆಯ ಕೋಟು ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಕಾಲರ್ ಸರಿಮಾಡಲು ಹೋದ ಬೆರಳಿಗೆ ಏನೋ ಚುಚ್ಚಿತು. ನೋಡಿದರೆ ಕಿರುಬೆರಳಿನ ಉಗುರಿನಷ್ಟು ಗಾಳ. ಅದರ ಬೆನ್ನಿಗೆ ಹುಂಜದ ಕೆಂಪು ಗರಿ ಸುತ್ತಿ, ಕಪ್ಪು ನೂಲಿನಲ್ಲಿ ಕಟ್ಟಿದ್ದು. ಅದು ದೂಮಣ್ಣ ನನಗೆ ಕೊಟ್ಟ ಪದಕ. ಚರ್ಚೆಯಲ್ಲಿ ನನಗೆ ಸಿಕ್ಕ ಶೀಲ್ಡುಗಳೆಲ್ಲ ಎಲ್ಲಿ ಹೋದವೋ ಗೊತ್ತಿಲ್ಲ. ಇದು ಮಾತ್ರ ತುಕ್ಕು ಹಿಡಿದುಕೊಂಡೇ ಕಾದಿತ್ತು.

ದೂಮಣ್ಣ ಅಲೆವೂರಿನಲ್ಲಿ ನಮ್ಮ ನೆರೆಮನೆಯವರು. ಮಣಿಪಾಲದ ಒಂದು ಅಚ್ಚುಕೂಟದಲ್ಲಿ ಸೀಸದ ಅಕ್ಷರಗಳ ಮೊಳೆ ಜೋಡಿಸುವ ಕೆಲಸ. ಮೊಳೆ ತಲೆಕೆಳಗಾಗಿ ಕೂತಿದ್ದರೆ ಕಣ್ಣು ಹಾಯಿಸದೆ ಹೆಬ್ಬೆರಳಿನಲ್ಲೇ ತಿಳಿಯುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಮಣಿಪಾಲದಲ್ಲಿದ್ದ ಸ್ಕಾಟ್ಲೆಂಡಿನ ಡಾಕ್ಟರೊಬ್ಬರ ಪುಸ್ತಕವನ್ನು ಇವರು ಒಂದೂ ತಪ್ಪಿಲ್ಲದೆ ಜೋಡಿಸಿಕೊಟ್ಟರಂತೆ. ಆ ಸಂತೋಷಕ್ಕೆ ಡಾಕ್ಟರು ಊರಿಗೆ ಮರಳುವಾಗ ತಮ್ಮ ಮೀನು ಹಿಡಿಯುವ ಕೋಲನ್ನು, ನೂಲು ಸುತ್ತುವ ಅದರ ಗಾಲಿಯನ್ನು, ದಪ್ಪ ನೂಲನ್ನು ಇವರಿಗೆ ಬಿಟ್ಟುಹೋದರು. ಹೋಗುವ ಮುಂಚೆ ಎಸೆಯುವ ಕ್ರಮವನ್ನೂ ಕಲಿಸಿದರು. ನೀವು ಗಾಳ ಹಾಕುವವರನ್ನು ನೋಡಿರುತ್ತೀರಿ: ಸಿಗಡಿಯನ್ನೋ ಎರೆಹುಳವನ್ನೋ ಸಿಕ್ಕಿಸಿ ನೀರಿಗೆ ಬಿಟ್ಟು ಬೀಡಿ ಹಚ್ಚಿ ಕೂರುತ್ತಾರೆ. ಇದು ಹಾಗಲ್ಲ. ತುದಿಯಲ್ಲಿ ತಿನ್ನುವಂಥದ್ದು ಏನೂ ಇಲ್ಲ, ಗರಿ ಕಟ್ಟಿದ ಗಾಳ ಮಾತ್ರ. ನೂಲನ್ನು ತಲೆಯ ಮೇಲೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಿ, ನೊಣವೊಂದು ಬಂದು ಕೂತ ಹಾಗೆ ನೀರಿನ ಮೇಲೆ ಇಳಿಸಬೇಕು. ಮೀನು ನಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಗರಿಗೆ ಅವರು ಕೋಳಿ ಅಂಕಕ್ಕೆ ಹೋಗುತ್ತಿದ್ದರು. ಬೆಳ್ಮಣ್ ಕಡೆಯ ಕೊಯ್ಲಾದ ಗದ್ದೆಗಳಲ್ಲಿ ಎಲ್ಲರೂ ಹುಂಜದ ಮೇಲೆ ಬಾಜಿ ಕಟ್ಟಿ ಕೂಗುತ್ತಿದ್ದರೆ, ಇವರು ಸೋತ ಹುಂಜದ ಯಜಮಾನನ ಬಳಿ ಹೋಗಿ, “ಇದರ ಕುತ್ತಿಗೆಯ ನಾಲ್ಕು ಗರಿ ಕೊಡ್ತೀರಾ?” ಎಂದು ವಿನಯದಿಂದ ಕೇಳುತ್ತಿದ್ದರು. ಸೋತ ಉರಿಯಲ್ಲಿದ್ದ ಒಬ್ಬ, “ಎಂತ, ಮಾಟ ಮಾಡ್ಲಿಕ್ಕಾ?” ಎಂದು ಅಟ್ಟಿಸಿಕೊಂಡು ಬಂದದ್ದೂ ಉಂಟು. ಆ ಗರಿಗಳನ್ನು ಮೊಳೆ ಎತ್ತುವ ಚಿಮ್ಮಟದಲ್ಲಿ ಹಿಡಿದು ಜಗಲಿಯಲ್ಲಿ ಕೂತು ಕಟ್ಟುತ್ತಿದ್ದರು. ಕಟ್ಟಿದ್ದನ್ನೆಲ್ಲ ತಲೆಯ ಮುಟ್ಟಾಳೆಗೆ ಸಾಲಾಗಿ ಚುಚ್ಚಿಕೊಳ್ಳುತ್ತಿದ್ದರು. ಅಡಿಕೆ ಹಾಳೆಯ ಆ ಟೋಪಿಯಲ್ಲಿ ಹತ್ತಿಪ್ಪತ್ತು ಬಣ್ಣದ ನೊಣಗಳು ಕೂತ ಹಾಗೆ ಕಾಣುತ್ತಿತ್ತು.

ಅವರ ಜತೆಗೆ ಹೋಗಲು ನಾನು ಒಪ್ಪಿದ್ದು ಮೀನಿನ ಆಸೆಗಲ್ಲ, ವಾದದ ಆಸೆಗೆ. ಅಜೆಕಾರಿನ ಕಡೆಯ ಹೊಳೆಗೆ ಬಸ್ಸಿನಲ್ಲಿ ಹೋದರೆ ಎರಡು ಗಂಟೆ ಅವರು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ದೇವರು, ದೈವ, ಪಂಚಾಂಗ, ಎಲ್ಲದರ ಮೇಲೂ ನಾನು ಪ್ರಶ್ನೆ ಎಸೆಯುವುದು, ಅವರು ಕಿಟಕಿಯ ಹೊರಗೆ ನೋಡುತ್ತ “ಇರಬಹುದು ಮಾರಾಯ” ಎನ್ನುವುದು. ಅಂಥವರನ್ನು ಸೋಲಿಸುವುದಾದರೂ ಹೇಗೆ? ಹೊಳೆಗೆ ಇಳಿದ ಮೇಲೆ ಮಾತ್ರ ಅವರ ಮಾತೇ ಮಾತು. ಕೋಲು ಊರಿ ತಳ ನೋಡದೆ ಹೆಜ್ಜೆ ಇಡಬಾರದು. ಮೊಣಕಾಲು ಮುಳುಗಿದರೆ ಹಿಂದೆ ಬರಬೇಕು. ಮೇಲಿನಿಂದ ಬರುವ ನೀರು ಬಣ್ಣ ತಿರುಗಿದರೆ ಮೀನು ಕಚ್ಚಿದ್ದರೂ ಬಿಟ್ಟು ದಡ ಹತ್ತಬೇಕು. ಜಾರದಿರಲಿಕ್ಕೆ ಕ್ಯಾನ್ವಾಸ್ ಬೂಟಿನ ಅಡಿಗೆ ತೆಂಗಿನ ನಾರಿನ ಕಾಲೊರಸನ್ನು ಕತ್ತರಿಸಿ ಹೊಲಿದಿದ್ದರು. ನನಗೂ ಒಂದು ಜೊತೆ ಹೊಲಿದುಕೊಟ್ಟರು. ಅಷ್ಟೆಲ್ಲ ಮಾಡಿ ಹಿಡಿದ ಗೇಣುದ್ದದ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಗಾಳ ಬಿಡಿಸಿ, ಮತ್ತೆ ನೀರಿಗೇ ಬಿಟ್ಟರು. ಡಾಕ್ಟರ ಅಭ್ಯಾಸವಂತೆ. ಮರಳುವ ಬಸ್ಸಿನ ಕಂಡಕ್ಟರ್ ಖಾಲಿ ಚೀಲ ನೋಡಿ, “ಹಿಡಿದು ಬಿಡ್ಲಿಕ್ಕೆ ಇಷ್ಟು ದೂರ ಬಂದದ್ದಾ? ಮನೆಯ ಬಾವಿಗೆ ಒಂದು ಬಿಟ್ಟುಕೊಂಡು ದಿನಾ ಹಿಡೀಬಹುದಿತ್ತಲ್ಲ!” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ದೂಮಣ್ಣನೂ ನಕ್ಕರು.

ಸಮುದ್ರಕ್ಕೆ ಹೋಗುವಾಗ ಇನ್ನೊಂದು ಕಟ್ಟಳೆ ಸೇರುತ್ತಿತ್ತು. ಕಾಪುವಿನ ದೀಪಸ್ತಂಭದ ಕೆಳಗಿನ ಬಂಡೆಗೆ ಬಂದರೆ ಮೊದಲು ಒಣಗಿದ ಜಾಗದಲ್ಲಿ ಕೂತು, ಒಂದು ಬಾಯಿ ಎಲೆಯಡಿಕೆ ಜಗಿದು ಮುಗಿಯುವ ತನಕ ಅಲೆ ನೋಡಬೇಕು. ಆಮೇಲೆ ಸೊಂಟಕ್ಕೆ ಹಗ್ಗ. ಹಿಂದೆ ನಿಂತು ಹಗ್ಗ ಹಿಡಿಯುವವನೇ ಗಂಟು ಹಾಕಬೇಕು. ಕೆಳಗೆ ಇಳಿಯುವವನು ಅದನ್ನು ಮುಟ್ಟಿ ನೋಡಬೇಕು.

“ನಿಮ್ಮ ಗಂಟು ನೀವೇ ಹಾಕಿಕೊಂಡರೆ ಎಂತ?” ಎಂದು ಕೇಳಿದ್ದೆ.

“ಮೊಳೆ ಜೋಡಿಸಿದವನೇ ಪ್ರೂಫು ನೋಡ್ತಾನಾ? ತನ್ನ ತಪ್ಪು ತನಗೆ ಕಾಣುದಿಲ್ಲ ಮಾರಾಯ.”

ಗಂಟನ್ನು ಬಿಟ್ಟು ಹಗ್ಗದ ಮೇಲೆಯೇ ವಾದ ಹೂಡಿದೆ. ಅವರದು ಹೆಬ್ಬೆರಳು ದಪ್ಪದ ತೆಂಗಿನ ನಾರಿನ ಹಗ್ಗ, ಮುಟ್ಟಿದರೆ ಕೈ ತರಚುವಂಥದ್ದು. ಅದೇ ಹೊತ್ತಿಗೆ ಕಾಪು ಪೇಟೆಯ ಮೊಯ್ದಿನಾಕನ ಅಂಗಡಿಗೆ ನೈಲಾನ್ ಹಗ್ಗ ಬಂದಿತ್ತು. ಬಲೆ, ಗಾಳ, ಹಗ್ಗ ಮಾರುವ ಬ್ಯಾರಿ ಅವರು. ದುಬಾಯಿಯಲ್ಲಿ ಹಡಗಿನ ಕೆಲಸಕ್ಕಿದ್ದ ಅವರ ತಮ್ಮ ರಜೆಗೆ ಬರುವಾಗ ಒಂದು ದೊಡ್ಡ ಸುರುಳಿ ತಂದಿದ್ದ. ನೀಲಿ ಬಣ್ಣ, ರೇಷ್ಮೆಯಂಥ ನುಣುಪು. ಕತ್ತರಿಸಿದ ತುದಿ ಬಿಚ್ಚಿಕೊಳ್ಳದಿರಲೆಂದು ಮೊಯ್ದಿನಾಕ ಅದನ್ನು ಬೀಡಿಯ ಕೆಂಡಕ್ಕೆ ಹಿಡಿದು ಕರಗಿಸಿ, ಬಟಾಣಿಯಂಥ ಮುದ್ದೆ ಮಾಡಿ ಕೊಡುತ್ತಿದ್ದರು. ನನ್ನ ಕೈಯಿಂದಲೇ ದುಡ್ಡು ಹಾಕಿ ಹತ್ತು ಮಾರು ಕೊಂಡೆ. ಮೂರು ವಾರ ದೂಮಣ್ಣನನ್ನು ಬಿಡಲಿಲ್ಲ. ಹಳೆಯದೆಂಬ ಕಾರಣಕ್ಕೆ ಹಳೆಯದನ್ನು ನಂಬುವುದು ಮೂಢನಂಬಿಕೆಯಲ್ಲವೇ? ದಪ್ಪವಿದ್ದದ್ದೆಲ್ಲ ಗಟ್ಟಿಯೇ? ಕಾಲೇಜಿನಲ್ಲಿ ಇದೇ ಧಾಟಿಯಲ್ಲಿ ಮಾತಾಡಿ ಒಂದು ಶನಿವಾರ ಬೆಳಿಗ್ಗೆ ಶೀಲ್ಡು ಗೆದ್ದು, ಕೋಟು ಕೂಡ ಕಳಚದೆ, ಇಬ್ಬರು ಸಹಪಾಠಿಗಳನ್ನು ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಬಂದೆ. ಸಮುದ್ರದ ಬಂಡೆಗೆ ಕೋಟು ತೊಟ್ಟು ಹೋದ ಮನುಷ್ಯ ಈ ಕರಾವಳಿಯಲ್ಲಿ ನಾನೊಬ್ಬನೇ ಇರಬೇಕು. ಅಲ್ಲಿ ಕಾದಿದ್ದ ದೂಮಣ್ಣ ನನ್ನ ಚೀಲದ ನೈಲಾನನ್ನು ನೋಡಿದರು, ಗೆಳೆಯರನ್ನು ನೋಡಿದರು. ಆಮೇಲೆ ಮುಟ್ಟಾಳೆಯಿಂದ ಒಂದು ಗರಿಗಾಳ ಕಿತ್ತು ನನ್ನ ಕಾಲರಿಗೆ ಚುಚ್ಚಿದರು.

“ಆಯ್ತು, ನೀನು ಗೆದ್ದೆ. ಇದು ಪದಕ. ಇವತ್ತು ನಿನ್ನ ಹಗ್ಗವೇ.”

ಬಂಡೆಯ ಮೇಲೆ ಎಲ್ಲವೂ ಕ್ರಮದಂತೆಯೇ ನಡೆಯಿತು. ಎಲೆಯಡಿಕೆ ಜಗಿದಾಯಿತು. ನಾನು ಅವರ ಸೊಂಟಕ್ಕೆ ಹಗ್ಗ ಸುತ್ತಿ, ನಾರಿನ ಹಗ್ಗಕ್ಕೆ ಯಾವಾಗಲೂ ಹಾಕುತ್ತಿದ್ದ ಗಂಟನ್ನೇ ಹಾಕಿದೆ: ಒಂದು ಸುತ್ತು, ಒಂದು ತೂರು, ಒಂದು ಎಳೆತ. ನಾರಿಗೆ ಅದು ಸಾಕು. ಒರಟು ಮೈ ಒಂದನ್ನೊಂದು ಕಚ್ಚಿಕೊಳ್ಳುತ್ತದೆ. ದೂಮಣ್ಣ ಹೆಬ್ಬೆರಳಿನಿಂದ ಗಂಟನ್ನು ಸವರಿದರು. ಒಂದು ಕ್ಷಣ ಕೈ ಅಲ್ಲೇ ನಿಂತಿತು. ನನ್ನ ಮುಖ ನೋಡಿದರು. ಹಿಂದೆ ನಿಂತಿದ್ದ ಗೆಳೆಯರಿಗೆ ನಾನು ನೈಲಾನಿನ ಮಹಿಮೆ ವಿವರಿಸುತ್ತಿದ್ದೆ. ದೂಮಣ್ಣ ಕೋಲು ಎತ್ತಿಕೊಂಡು ಕೆಳಗಿಳಿದರು.

ಆರೇಳು ಸಲ ಎಸೆದಿರಬಹುದು. ಅಲೆ ಬಂದದ್ದು ಬದಿಯಿಂದ. ನೋಡುತ್ತಿದ್ದ ಹಾಗೆ ಅವರು ಕೂತ ಹಾಗಾದರು, ಜಾರಿದರು, ನನ್ನ ಕೈಯಲ್ಲಿ ಹಗ್ಗ ಬಿಗಿಯಿತು. ಹಿಮ್ಮಡಿ ಊರಿ ಎಳೆದೆ. ಮರುಕ್ಷಣ ಕೈಯಲ್ಲಿ ಭಾರವೇ ಇರಲಿಲ್ಲ, ಹಿಂದಕ್ಕೆ ಬಿದ್ದೆ. ಎದ್ದು ನೋಡಿದರೆ ದೂಮಣ್ಣ ನೀರಿನಲ್ಲಿ. ಬಂಡೆಯ ಕಡೆಗೆ ಬರಬೇಡಿ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಂಡೆಗೆ ಬೆನ್ನು ಹಾಕಿ, ಅಲೆ ಒಡೆಯುವ ಜಾಗ ದಾಟಿ ಹೊರಗೆ ಈಜಿ, ಅಂಗಾತ ಮಲಗಿ ತೇಲಿದರು. ನಾವು ಮೂವರೂ ಕಿರುಚಿದೆವು. ದಡಕ್ಕೆ ಮರಳುತ್ತಿದ್ದ ಒಂದು ದೋಣಿ ಅತ್ತ ತಿರುಗಿತು.

ಈಗ ಮೂರನೆಯ ಆಕ್ಷೇಪ. ಗೆಳೆಯರು ಮರಳಿನ ಕಡೆಗೆ ಓಡಿದ ಮೇಲೆ ಕೈಯಲ್ಲಿದ್ದ ಹಗ್ಗವನ್ನು ಎಳೆದುಕೊಂಡಾಗ ಅದರ ಇನ್ನೊಂದು ತುದಿ ಬಂತು. ಮೊಯ್ದಿನಾಕನ ಬೀಡಿಯಲ್ಲಿ ಕರಗಿದ ಬಟಾಣಿ ಮುದ್ದೆ ಹಾಗೆಯೇ ಇತ್ತು. ಹಗ್ಗ ಎಲ್ಲಿಯೂ ಕಡಿದಿರಲಿಲ್ಲ. ನುಣುಪು ನೈಲಾನಿನಲ್ಲಿ ನನ್ನ ಒಂದು ತೂರಿನ ಗಂಟು ಒದ್ದೆಯಾಗಿ ಜಾರಿ ಬಿಚ್ಚಿಕೊಂಡಿತ್ತು, ಅಷ್ಟೇ.

ಮರಳಿನ ಮೇಲೆ ದೂಮಣ್ಣನನ್ನು ಇಳಿಸಿದ ದೋಣಿಯವರು ನನ್ನ ಕಡೆ ತಿರುಗಿ, “ಹಗ್ಗ ತುಂಡಾದದ್ದಾ?” ಎಂದರು. ನನ್ನ ಬಾಯಿ ತೆರೆಯಲಿಲ್ಲ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಉಪ್ಪುನೀರು ಕಕ್ಕುತ್ತಿದ್ದ ದೂಮಣ್ಣ ಹೇಳಿದರು: “ಹೌದು, ಕಡಿದುಹೋಯ್ತು.”

ಯೋಚಿಸಿ ನೋಡಿ. ಕಡಿದಿದ್ದರೆ ಸೊಂಟದ ಸುತ್ತಿನ ಹಗ್ಗ ಸೊಂಟದಲ್ಲೇ ಇರಬೇಕಿತ್ತು. ಅವರ ಸೊಂಟದಲ್ಲಿ ಏನೂ ಇರಲಿಲ್ಲ. ಅದು ಅವರಿಗಲ್ಲದೆ ಇನ್ನಾರಿಗೆ ಗೊತ್ತು?

ಡಾಕ್ಟರ ಕೋಲು ಸಮುದ್ರದ ಪಾಲಾಯಿತು. ದೂಮಣ್ಣ ಬಿದಿರಿನ ಕೋಲು ಮಾಡಿಕೊಂಡು ಹೊಳೆಗೆ ಮಾತ್ರ ಹೋಗತೊಡಗಿದರು. ‘ಕಡಿದುಹೋಯ್ತು’ ಎಂಬ ಆ ಒಂದು ಮಾತು ಬಿದ್ದದ್ದು ಮಾತ್ರ ಮೊಯ್ದಿನಾಕನ ಮೇಲೆ. ಮೀನುಗಾರರು ಅಂಗಡಿಗೆ ಬಂದು ಸುರುಳಿ ಕಂಡರೆ “ಇದು ದೂಮಣ್ಣನ ಹಗ್ಗವಾ ಬ್ಯಾರಿಗಳೇ?” ಎಂದು ನಗುತ್ತಿದ್ದರು. ನೀಲಿ ಸುರುಳಿ ಗೋಡೆಯಲ್ಲೇ ಧೂಳು ತಿನ್ನುತ್ತ ನೇತಾಡಿತು. ಒಮ್ಮೆ ಕಾಪು ಬಸ್ ನಿಲ್ದಾಣದಲ್ಲಿ ಅವರು ನನ್ನನ್ನು ಹಿಡಿದರು.

“ಮಗಾ, ತುಂಡಾದ ತುದಿ ಒಮ್ಮೆ ತೋರಿಸು. ಒಳಗೆ ಕೊಳೆತದ್ದು ಕಂಡರೆ ಇಡೀ ಸುರುಳಿ ನಾನೇ ಸುಟ್ಟುಹಾಕ್ತೇನೆ. ಇನ್ನೊಬ್ಬ ಸಾಯುದು ಬೇಡ.”

“ಅದು ಸಮುದ್ರಕ್ಕೆ ಹೋಯ್ತು,” ಎಂದೆ. ಹಗ್ಗ ನಮ್ಮ ಮನೆಯ ಅಟ್ಟದಲ್ಲಿತ್ತು.

ಮೊನ್ನೆ ಸ್ಪರ್ಧೆಯ ದಿನ ಹುಡುಗಿಯೊಬ್ಬಳು ಎದುರಾಳಿಗೆ “ನಿಮ್ಮ ಸಾಕ್ಷಿ ಎಲ್ಲಿ?” ಎಂದು ಗುಡುಗಿದಾಗ ಸಭೆ ಚಪ್ಪಾಳೆ ತಟ್ಟಿತು. ತೀರ್ಪುಗಾರನ ಕುರ್ಚಿಯಲ್ಲಿ ಕೂತ ನಾನು ಕಾಲರಿನ ಗಾಳ ಸವರುತ್ತ ಅಂಕ ಹಾಕುವುದನ್ನೇ ಮರೆತೆ. ಮರುದಿನ ಅಟ್ಟ ಹತ್ತಿ ಹಗ್ಗ ಇಳಿಸಿ ಕಾಪುವಿಗೆ ಹೋದೆ.

ಮೊಯ್ದಿನಾಕ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಇದು ನನ್ನ ಬೆಂಕಿಯೇ.” ಆಮೇಲೆ ಇನ್ನೊಂದು ತುದಿ. ಆಮೇಲೆ ಮಾರು ಮಾರಾಗಿ ನಡುವಿನದು ಪೂರ್ತಿ. “ಗಂಟು ಯಾರದ್ದು?”

“ನನ್ನದು.”

“ಇದನ್ನು ಹೇಳ್ಲಿಕ್ಕೆ ಆರು ವರ್ಷ ಬೇಕಾಯ್ತಾ? ಮಾತು ಬಾರದವನಾ ನೀನು?”

ಅಷ್ಟರಲ್ಲಿ ಬಲೆಯ ನೂಲಿಗೆ ಬಂದ ಒಬ್ಬ ಹಗ್ಗ ನೋಡಿ ಹಲ್ಲು ಕಿರಿದ. ಮೊಯ್ದಿನಾಕ ನನ್ನ ಕಡೆ ಕೈ ತೋರಿಸಿ, “ನನ್ನನ್ನು ಕೇಳ್ಬೇಡ. ವಕೀಲರು ಇಲ್ಲೇ ಉಂಟು, ಅವರನ್ನು ಕೇಳು,” ಎಂದರು. ಹೇಳಿದೆ. ಅವನು ಹೋದ ಮೇಲೆ ಇನ್ನಿಬ್ಬರು ಬಂದರು, ಅವರಿಗೂ ಹೇಳಿದೆ. ಹಗ್ಗವನ್ನು ಅವರು ಬಾಗಿಲಿಗೆ ಕಟ್ಟಿದರು, ಮುದ್ದೆ ರಸ್ತೆಗೆ ಕಾಣುವ ಹಾಗೆ. ಕಟ್ಟುವಾಗಲೇ ನೈಲಾನಿನ ಗಂಟು ತೋರಿಸಿಕೊಟ್ಟರು: ಎರಡು ಸುತ್ತು, ಎರಡು ತೂರು, ಉಳಿದ ತುದಿ ಒಂದು ಗೇಣು.

“ಅಲ್ಲ, ದೂಮಣ್ಣ ಆ ದಿನ ಮುಟ್ಟಿ ನೋಡ್ಲಿಲ್ವಾ?”

“ನೋಡಿದರು.”

ಅವರು ಬೀಡಿ ಹಚ್ಚಿಕೊಂಡರು. “ಹಾಗಾದ್ರೆ ಅದನ್ನು ನನ್ನತ್ರ ಯಾಕೆ ಹೇಳ್ತಿ? ಅವರತ್ರ ಕೇಳು.”

ಅಲೆವೂರಿಗೆ ಮರಳುವಾಗ ಸಂಜೆಯಾಗಿತ್ತು. ದೂಮಣ್ಣ ಜಗಲಿಯಲ್ಲಿ ಚಿಮ್ಮಟ ಹಿಡಿದು ಗರಿ ಕಟ್ಟುತ್ತಿದ್ದರು. ಕಾಪುವಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. “ಒಳ್ಳೆಯದಾಯ್ತು. ಮೊಯ್ದಿನಾಕನಿಗೆ ನಾನೂ ಒಂದು ಮಾತು ಹೇಳ್ಲಿಕ್ಕುಂಟು,” ಎಂದರು, ಆಮೇಲೆ ನೂಲಿನ ತುದಿಯನ್ನು ನನ್ನ ಕೈಗೆ ಕೊಟ್ಟು, “ಇದನ್ನು ಬಿಗಿ ಹಿಡಿ,” ಎಂದರು. ಹಿಡಿದೆ. ಅವರ ಹೆಬ್ಬೆರಳು ಗಂಟಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ವಾದ ಹೂಡುವ ಧ್ವನಿ ನನ್ನಲ್ಲಿ ಉಳಿದಿರಲಿಲ್ಲ.

“ದೂಮಣ್ಣ, ಆ ದಿನ ನನ್ನ ಗಂಟಿನ ಪ್ರೂಫು ನೋಡಿದ್ದು ನೀವೇ ಅಲ್ವಾ? ತಪ್ಪು ಕೈಗೆ ಸಿಕ್ಕಿಯೂ, ನನ್ನ ಗೆಳೆಯರ ಎದುರು ಹೇಳುದು ಬೇಡ ಅಂತ ನೀವು ಕೆಳಗಿಳಿದದ್ದಾ?”