ಹತ್ತಿ ಗೋದಾಮಿನ ಶಾಲೆಗೆ ಬಂದ ಆಯಿ

ಶಹಾಪುರದಿಂದ ಕೆಂಭಾವಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ಹಳೆಯ ಹತ್ತಿ ಗೋದಾಮು ಇತ್ತು. ಜೆಸ್ವಿಟ್ ಪಾದ್ರಿಗಳು ಅಲ್ಲಿ ಶಾಲೆ ತೆರೆಯುತ್ತಾರಂತೆ, ಕನ್ನಡ ಕಲಿಸುವವರು ಬೇಕಂತೆ ಎಂಬ ಸುದ್ದಿ ತಂದವರು ನಮ್ಮ ಅಬ್ಬಾ. ಅವರು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರು. ಆ ಪಾದ್ರಿಗಳ ದೊಡ್ಡ ಹಂಡೆಗಳ ಕೆಲಸಕ್ಕೆ ಹೋದಾಗ ಕೇಳಿಕೊಂಡು ಬಂದಿದ್ದರು. ನಮ್ಮ ಮನೆಯಲ್ಲಿ ಆಡುವುದು ದಖ್ಖನಿ. ಕನ್ನಡ ನನಗೆ ಓಣಿಯಲ್ಲಿ, ಆಮೇಲೆ ಸರ್ಕಾರಿ ಶಾಲೆಯಲ್ಲಿ ಸಿಕ್ಕಿದ ಭಾಷೆ. ಶಿಕ್ಷಕರ ತರಬೇತಿ ಮುಗಿಸಿ ಮನೆಯಲ್ಲಿ ಕೂತಿದ್ದೆ.

ಶಾಲೆಯ ಮುಖ್ಯಸ್ಥರಾಗಿ ಬಂದಿದ್ದ ಫಾದರ್ ಕರಾವಳಿಯವರು. ಐವತ್ತು ದಾಟಿದ್ದರು. ನಾನು ಹೋದ ದಿನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಗೋದಾಮಿನ ನೆಲ ತೊಳೆಯುತ್ತಿದ್ದರು. ಕಸಬರಿಗೆ ಗೋಡೆಗೆ ಒರಗಿಸಿ, ನನ್ನ ಸರ್ಟಿಫಿಕೇಟುಗಳನ್ನು ನೋಡದೆಯೇ ಕೇಳಿದರು:

“ನಿಮ್ಮ ಮನೆಮಾತು ಯಾವುದು?”

“ದಖ್ಖನಿ ರಿ.”

“ನನ್ನದು ಕೊಂಕಣಿ. ಹಾಗಾದರೆ ನಾವಿಬ್ಬರೂ ಕನ್ನಡವನ್ನು ಕಷ್ಟಪಟ್ಟು ಕಲಿತವರು. ಮಕ್ಕಳಿಗೆ ಎಲ್ಲಿ ತೊಡಕಾಗುತ್ತದೆ ಅಂತ ನಮಗೆ ಗೊತ್ತಿರುತ್ತದೆ. ಸೋಮವಾರದಿಂದ ಬನ್ನಿ.”

ನನ್ನ ಸಂದರ್ಶನ ಅಷ್ಟೇ.

ಮೊದಲ ಎರಡು ವಾರ ಪಾಠ ಮಾಡಲಿಲ್ಲ, ಮಕ್ಕಳನ್ನು ಹುಡುಕಿದೆವು. ಸುತ್ತಲಿನ ಊರುಗಳಲ್ಲಿ ಕುರಿ ಸಾಕುವ ಮನೆಗಳೇ ಹೆಚ್ಚು. ಫಾದರ್ ಆಡುವ ಪುಸ್ತಕದ ಕನ್ನಡ ಕೇಳಿ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಒಂದು ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಮಾತ್ರ ನಗಲಿಲ್ಲ. “ಸಾಲಿ ಕಲಸ್ತೀರಿ, ಖರೆ. ಆಮ್ಯಾಲ ನಮ್ಮ ದೇವರ ಬಿಡಸ್ತೀರೇನ್ರಿ?” ಎಂದು ನೇರವಾಗಿ ಕೇಳಿದರು.

“ಇಲ್ಲ. ನಿಮ್ಮ ದೇವರ ಹಬ್ಬ ಯಾವಾಗ ಅಂತ ಹೇಳಿ, ಅವತ್ತು ಶಾಲೆಗೆ ರಜೆ ಕೊಡುತ್ತೇನೆ.”

ಮರುದಿನ ಆ ಹಿರಿಯರು ತಾವೇ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಆ ವರ್ಷ ಮೂವತ್ತು ಮಕ್ಕಳಾದರು.

ಆದರೆ ದೀಪಾವಳಿ ಕಳೆದ ಮೇಲೆ ಒಂದೇ ವಾರದಲ್ಲಿ ಹನ್ನೊಂದು ಮಕ್ಕಳು ಕಾಣೆಯಾದರು. ಕುರಿಗಳಿಗೆ ಮೇವು ಹುಡುಕಿಕೊಂಡು ಮನೆಮಂದಿಯೆಲ್ಲ ಕೃಷ್ಣೆಯ ಕಡೆಗೆ ಹೊರಟು ಹೋಗಿದ್ದರು. ಹಾಜರಿ ಪುಸ್ತಕ ಹಿಡಿದು ನಾನು ಗೈರು ಹಾಕುತ್ತಿದ್ದೆ. ಫಾದರ್ ಬಂದು ಸಾಲಾಗಿ ಬಿದ್ದಿದ್ದ ಗೈರುಗಳನ್ನು ನೋಡಿದರು. “ನಾಳೆ ಶನಿವಾರ. ಹೋಗಿ ಕರೆದುಕೊಂಡು ಬರೋಣ” ಎಂದರು.

ಸುರಪುರದಲ್ಲಿ ಬಸ್ಸು ಬದಲಿಸಿ ಕೊಡೇಕಲ್ ತನಕ ಹೋದೆವು. ಅಲ್ಲಿಂದ ಕೇಳುತ್ತ ಕೇಳುತ್ತ ಹೊಲದ ದಾರಿ ಹಿಡಿದೆವು. ಮಧ್ಯಾಹ್ನದ ಹೊತ್ತಿಗೆ ಜೋಳದ ಹೊಲವೊಂದರ ಅಂಚಿನಲ್ಲಿ ಕುರಿಗಾರರು ಬೀಡುಬಿಟ್ಟಿದ್ದ ಹಟ್ಟಿ ಸಿಕ್ಕಿತು. ನಮ್ಮ ಮಕ್ಕಳು ಕುರಿಮರಿಗಳನ್ನು ಎತ್ತಿಕೊಂಡು ಓಡಿ ಬಂದರು. ನನ್ನ ತರಗತಿಯ ಅತ್ಯಂತ ಚುರುಕು ಹುಡುಗಿಯ ತಾಯಿ ನಮಗೆ ಮಜ್ಜಿಗೆ ಕೊಟ್ಟಳು, ಮಗಳನ್ನು ಕೊಡಲಿಲ್ಲ.

“ಇಲ್ಲಿಂದ ಮುಂದ ಎಲ್ಲಿ ಇಳೀತೀವೋ ನಮಗ ಗೊತ್ತಿಲ್ರಿ. ಹುಡುಗಿನ್ನ ಯಾರ ಕೈಯಾಗ ಬಿಟ್ಟು ಹೋಗ್ಲಿ? ನೀವು ಗಂಡಸರು. ಈ ಅಕ್ಕೋರು ಸಂಜಿಕ ಮನಿಗಿ ಹೋಗ್ತಾರ.”

ಆಗ ಕಂಬಳಿಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದ ಆಕೆಯ ಅತ್ತೆ ತಲೆ ಎತ್ತದೆಯೇ ಮಾತಾಡಿದಳು.

“ನನ್ನ ಮೊಣಕಾಲು ನಡ್ಯಾಕ ಒಲ್ಲೆ ಅನ್ನಾಕತ್ತಾವ. ಹಟ್ಟಿ ಹಿಂದ ಎಷ್ಟು ದಿನ ಕುಂಟಲಿ? ನಾ ಹೋಗಿ ಸಾಲ್ಯಾಗ ಇರ್ತೀನಿ. ಹನ್ನೊಂದೂ ಹುಡುಗೂರ್ನ ನಾ ನೋಡ್ಕೋತೀನಿ.” ಆಮೇಲೆ ಫಾದರ್ ಕಡೆ ತಿರುಗಿದಳು. “ಒಂದು ಒಲಿ ಹಾಕ್ಕೊಡಪ್ಪ. ಜ್ವಾಳ ನಾವ ತರ್ತೀವಿ.”

ಮುಂದಿನ ವಾರ ಒಂದು ಬೀಸುವ ಕಲ್ಲು, ಎರಡು ಕಂಬಳಿ, ಹನ್ನೊಂದು ಮಕ್ಕಳ ಜೊತೆ ಆ ಅಜ್ಜಿ ಟೆಂಪೋದಲ್ಲಿ ಬಂದಿಳಿದಳು. ಮಕ್ಕಳಂತೆ ನಾವೂ ಆಕೆಯನ್ನು ಆಯಿ ಎಂದೇ ಕರೆದೆವು. ಗೋದಾಮಿನ ಹಿಂದಿನ ಅರ್ಧಕ್ಕೆ ತಗಡಿನ ಗೋಡೆ ಎದ್ದಿತು. ನಮ್ಮ ಶಾಲೆಯ ಹಾಸ್ಟೆಲ್ ಶುರುವಾದದ್ದು ಹೀಗೆ. ಅದರ ಮೊದಲ ವಾರ್ಡನ್‌ಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ. ಆದರೆ ಯಾವ ಮಗು ಉಣ್ಣಲಿಲ್ಲ, ಯಾವುದು ಅತ್ತಿದೆ, ಯಾವುದಕ್ಕೆ ಜ್ವರ ಬರುವಂತಿದೆ ಎಂಬುದು ಆಕೆಗೆ ನಮಗಿಂತ ಮೊದಲು ತಿಳಿಯುತ್ತಿತ್ತು.

ಫಾದರ್ ಸಮಯದ ವಿಷಯದಲ್ಲಿ ಕಟ್ಟುನಿಟ್ಟು. ಎರಡನೆಯ ವರ್ಷದ ಒಂದು ಬೆಳಿಗ್ಗೆ, ಪ್ರಾರ್ಥನೆ ಮುಗಿದ ಮೇಲೆ ಹತ್ತಿರದ ಹಳ್ಳಿಯ ನಾಲ್ಕು ಹೆಣ್ಣುಮಕ್ಕಳು ಗೇಟಿನ ಹತ್ತಿರ ಬಂದರು. ಏನು, ಎತ್ತ ಎಂದು ಕೇಳದೆ ಫಾದರ್ ಆ ಮಕ್ಕಳನ್ನು ವಾಪಸು ಕಳಿಸಿಬಿಟ್ಟರು. ನಾನು ಕಿಟಕಿಯಿಂದ ನೋಡಿದೆ. ಹೇಳಬೇಕು ಅನ್ನಿಸಿತು, ಧೈರ್ಯ ಬರಲಿಲ್ಲ. ಆಯಿ ಒಲೆಯ ಮುಂದಿನಿಂದ ಎದ್ದು, ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬಂದಳು.

“ಆ ಹುಡುಗೂರು ಯಾಕ ತಡ ಮಾಡ್ಯಾವ, ಕೇಳಿದ್ಯಾ?”

“ಎಂಟೂವರೆಗೆ ಬರಬೇಕು ಅಂತ ನಿಯಮ ಇದೆ, ಆಯಿ.”

“ಬಸ್ಸು ದಾರ್ಯಾಗ ಕೆಟ್ಟು ನಿಂತದ. ಬೇಲಿ ಹೊರಗ ನಿಂತು ನನಗ ಹೇಳಿದ್ವು. ಅಲ್ಲಿಂದ ನಡಕೋತ ಬಂದಾವ, ಕಾಲಾಗ ಚಪ್ಪಲಿ ಸೈತ ಇಲ್ಲ. ಬಂದ ಕುರಿ ಹೊಳ್ಳಿ ಕಳಸಾಂವ ಎಂಥಾ ಕುರುಬ ನೀ?”

ಫಾದರ್ ಮುಖ ಕೆಂಪಾಯಿತು. ಹೋಗಿ, ಆ ವರ್ಷ ಶಾಲೆಗೆ ಬಂದಿದ್ದ ಹಳೆಯ ಜೀಪು ತೆಗೆದರು. ಅರ್ಧ ಗಂಟೆಯ ನಂತರ ನಾಲ್ವರನ್ನೂ ಕೂರಿಸಿಕೊಂಡು ಬಂದು, ನನ್ನ ತರಗತಿಯ ಬಾಗಿಲಲ್ಲಿ ನಿಂತು, ಎಲ್ಲ ಮಕ್ಕಳೆದುರು, “ಇವತ್ತು ತಪ್ಪು ಮಾಡಿದವನು ನಾನು. ಕೇಳಬೇಕಿತ್ತು, ಕೇಳಲಿಲ್ಲ. ಕ್ಷಮಿಸಿ” ಎಂದರು. ಎರಡನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, “ಆಗ್ಲಿ ರಿ” ಎಂದಳು.

ನಾನು ಅವರನ್ನು ಮನಸಾರೆ ಮೆಚ್ಚಿದ್ದು ಅಂದಿನಿಂದ. ಓದಿಕೊಂಡವರನ್ನು, ಕಷ್ಟಪಟ್ಟು ದುಡಿಯುವವರನ್ನು ಬಹಳ ಕಂಡಿದ್ದೇನೆ. ತನ್ನ ತಪ್ಪನ್ನು ಏಳು ವರ್ಷದ ಮಕ್ಕಳೆದುರು ಒಪ್ಪಿಕೊಂಡ ಹೆಡ್‌ಮಾಸ್ಟರನ್ನು ಬೇರೆಲ್ಲೂ ಕಂಡಿಲ್ಲ.

ವರ್ಷಕ್ಕೊಂದು ತರಗತಿಯಂತೆ ಶಾಲೆ ಬೆಳೆಯಿತು. ಗೋದಾಮಿನ ಪಕ್ಕ ಕಲ್ಲಿನ ಕಟ್ಟಡ ಎದ್ದಿತು. ಬೇಸಿಗೆ ರಜೆಯಲ್ಲಿ ತಂದೆ ತಾಯಂದಿರೇ ಬಂದು ನೆಲಕ್ಕೆ ಫರಸಿ ಕಲ್ಲು ಹಾಸಿದರು. ಹಟ್ಟಿಗಳಿಂದ ಇನ್ನೂ ಇಬ್ಬರು ಆಯಿಗಳು ಬಂದು ಸೇರಿಕೊಂಡರು. ಎಲ್ಲ ಮಕ್ಕಳನ್ನೂ ಉಳಿಸಿಕೊಂಡೆವು ಎಂದು ಹೇಳಲಾರೆ. ಕೆಲವು ಹುಡುಗಿಯರಿಗೆ ಏಳನೆಯ ತರಗತಿಗೇ ಮದುವೆಯ ಮಾತು ಬಂತು. ಒಬ್ಬಳ ಮನೆಗೆ ನಾನು ಮೂರು ಸಲ ಹೋದೆ. ನಾಲ್ಕನೆಯ ಸಲ ಹೋಗುವಷ್ಟರಲ್ಲಿ ಮನೆ ಮುಂದೆ ಹಂದರ ಹಾಕಿದ್ದರು. ಅವತ್ತು ಶಾಲೆಗೆ ವಾಪಸು ಬಂದು ಪಾಠ ಮಾಡಲು ಆಗಲಿಲ್ಲ. ಫಾದರ್ ನನ್ನ ತರಗತಿಗೆ ಹೋಗಿ, ತಮ್ಮ ಪುಸ್ತಕದ ಕನ್ನಡದಲ್ಲಿ ಪದ್ಯ ಓದಿಸಿದರು.

ಹತ್ತನೆಯ ತರಗತಿಯ ಮೊದಲ ತಂಡ ಪರೀಕ್ಷೆ ಬರೆಯಲು ಹೊರಟಾಗ ಆಯಿ ಒಬ್ಬೊಬ್ಬರ ನೆತ್ತಿಗೂ ಎಣ್ಣೆ ಒತ್ತಿ ಕಳಿಸಿದಳು. ಆಕೆಯ ಮೊಮ್ಮಗಳು, ಅಂದು ಮಜ್ಜಿಗೆ ಕೊಟ್ಟ ತಾಯಿಯ ಮಗಳು, ಪಾಸಾದಳು. ಈಗ ಯಾದಗಿರಿಯ ಕಡೆ ಪಶುವೈದ್ಯೆ. ಕುರಿಗೆ ಸೂಜಿ ಹಾಕಿಸಲು ಬರುವ ಕುರಿಗಾರರು ಆಕೆಯನ್ನು “ಡಾಕ್ಟರವ್ವ” ಎನ್ನುತ್ತಾರೆ.

ಆ ಮೊದಲ ತಂಡ ಪರೀಕ್ಷೆ ಬರೆದ ವರ್ಷವೇ ಫಾದರಿಗೆ ವರ್ಗವಾಯಿತು. ಅವರ ಸಂಘದಲ್ಲಿ ಎಲ್ಲಿಗೆ ಹೋಗು ಎಂದರೆ ಅಲ್ಲಿಗೆ ಹೋಗಬೇಕು. ಬೀಳ್ಕೊಡುಗೆ ಸಮಾರಂಭ ಬೇಡ ಎಂದರು. ಬೆಳಗಿನ ಬಸ್ಸಿಗೆ ಒಂದೇ ಚೀಲ ಹಿಡಿದು ನಿಂತಿದ್ದಾಗ, ಆಯಿ ಅವರನ್ನು ಕಳಿಸಲು ಗೇಟಿನ ತನಕ ಬಂದಳು. ಅವರು ಬಗ್ಗಿ ಆಕೆಯ ಪಾದ ಮುಟ್ಟಿದರು. ಆಯಿ ಗಾಬರಿಯಾಗಿ ಹಿಂದೆ ಸರಿದು, “ಏ, ಬ್ಯಾಡಪ್ಪ. ನೀ ಪೂಜಿ ಮಾಡಾಂವ” ಎಂದಳು.

“ಈ ಶಾಲೆ ಕಟ್ಟಿದ್ದು ಯಾರು ಅಂತ ನಮ್ಮ ಸಂಘದ ಹಿರಿಯರು ಕೇಳಿದರೆ ನಿನ್ನ ಹೆಸರು ಹೇಳುತ್ತೇನೆ, ಆಯಿ.”

“ಹೇಳು, ಹೇಳು. ನನ್ನ ಹೆಸರು ತಗೊಂಡು ಅವರೇನು ಮಾಡ್ತಾರ.”

ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ನನ್ನ ಕಣ್ಣು ತುಂಬಿತ್ತು. ಆಯಿ ನನ್ನ ಬೆನ್ನು ಸವರಿ, ಕಚೇರಿಯ ಕಡೆ ಕೈ ತೋರಿಸಿದಳು. ಅವರ ಜಾಗಕ್ಕೆ ಹಿಂದಿನ ದಿನವಷ್ಟೇ ಬಂದಿದ್ದ ಚಿಕ್ಕ ವಯಸ್ಸಿನ ಫಾದರ್ ಅಲ್ಲಿ ಬಾಗಿಲಲ್ಲಿ ಸಂಕೋಚದಿಂದ ನಿಂತಿದ್ದರು.

“ಅಕ್ಕೋರ, ಹೊಸಾಂವ ಇನ್ನಾ ಏನೂ ತಿಂದಿಲ್ಲ. ಖಾರ ತಿಂತಾನೋ ಇಲ್ಲೋ, ಕೇಳ್ಕೊಂಡು ಬರ್ರಿ” ಎಂದು ಹೇಳಿ ಒಲೆಯ ಕಡೆ ನಡೆದಳು.